ಲಕ್ಷ ಕೋಟಿ ಡಾಲರಿನ ಬೆಟ್ಟಗಳು, ದಾರಿ ಕಾಣದ ಅದಿರು

2025ರ ಅಕ್ಟೋಬರ್ 10ರಂದು ತಾಲಿಬಾನ್ ಆಡಳಿತದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಯಲ್ಲಿ ನಮ್ಮ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರನ್ನು ಭೇಟಿಯಾದರು. ಆ ಬಳಿಕ ಹೊರಬಂದ ಜಂಟಿ ಹೇಳಿಕೆಯಲ್ಲಿ ದೊಡ್ಡ ಸುದ್ದಿಯಾದದ್ದು, ಕಾಬೂಲಿನಲ್ಲಿದ್ದ ಭಾರತದ ತಾಂತ್ರಿಕ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿಯ ದರ್ಜೆಗೆ ಏರಿಸುವ ನಿರ್ಧಾರ. ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇತ್ತು. ಅಫ್ಘಾನಿಸ್ತಾನದ ಗಣಿ ಕ್ಷೇತ್ರದಲ್ಲಿ ಬಂಡವಾಳ ಹೂಡಲು ಭಾರತದ ಕಂಪನಿಗಳಿಗೆ ಆಹ್ವಾನ ಕೊಡಲಾಗಿತ್ತು. ಈ ಆಹ್ವಾನ ಹೊಸದಲ್ಲ; 2011ರಲ್ಲಿ, ಬೇರೊಂದು ಸರ್ಕಾರದ ಕಾಲದಲ್ಲಿ, ನಮ್ಮ ಏಳು ಕಂಪನಿಗಳು ಇಂಥದೇ ಕರೆಗೆ ಓಗೊಟ್ಟು ಹೋಗಿ, ಒಂದು ಬುಟ್ಟಿ ಅದಿರನ್ನೂ ತೆಗೆಯದೆ ಹಿಂದಿರುಗಿದ್ದವು. ಹಾಗಾಗಿ ಈ ಬಾರಿ ಉತ್ತರ ಕೊಡುವ ಮೊದಲು, ಅಲ್ಲಿನ ನೆಲದಡಿ ಏನಿದೆ ಎಂಬುದಕ್ಕಿಂತ, ಇರುವುದು ಇಷ್ಟು ಕಾಲ ಏಕೆ ಹೊರಗೆ ಬರಲಿಲ್ಲ ಎಂಬುದನ್ನು ನೋಡುವುದು ಒಳ್ಳೆಯದು.

ಅಫ್ಘಾನಿಸ್ತಾನದ ಖನಿಜದ ಮಾತು ಬಂದಾಗಲೆಲ್ಲ ಒಂದು ಅಂಕಿ ತಪ್ಪದೆ ಬರುತ್ತದೆ: ಒಂದು ಲಕ್ಷ ಕೋಟಿ ಡಾಲರ್. 2010ರ ಜೂನ್ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತಂಡವೊಂದರ ಲೆಕ್ಕವನ್ನು ಆಧರಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪ್ರಕಟಿಸಿದ ವರದಿಯಿಂದ ಇದು ಜಗತ್ತಿಗೆ ಹರಡಿತು. ದೇಶವು ‘ಲಿಥಿಯಮ್‌ನ ಸೌದಿ ಅರೇಬಿಯಾ’ ಆಗಬಹುದು ಎಂದು ಆ ಇಲಾಖೆಯ ಆಂತರಿಕ ಟಿಪ್ಪಣಿಯೊಂದು ಹೇಳಿದೆ ಎಂಬ ಮಾತೂ ಆ ವರದಿಯಲ್ಲಿತ್ತು. ಜನರ ನೆನಪಿನಲ್ಲಿ ಉಳಿದದ್ದು ಆ ಲಿಥಿಯಮ್ ಒಂದೇ. ಆದರೆ ಲೆಕ್ಕದ ಪಟ್ಟಿಯನ್ನು ಬಿಡಿಸಿ ನೋಡಿದರೆ ಕಾಣುವ ಚಿತ್ರ ಬೇರೆ. ಪಟ್ಟಿಯ ಒಟ್ಟು ಮೊತ್ತ ಸುಮಾರು 90,800 ಕೋಟಿ ಡಾಲರ್. ಅದರಲ್ಲಿ ಕಬ್ಬಿಣದ ಪಾಲು ಸುಮಾರು 42,000 ಕೋಟಿ, ತಾಮ್ರದ್ದು 27,400 ಕೋಟಿ. ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಹಣ ಇರುವುದು ಈ ಎರಡು ಹಳೆಯ ಲೋಹಗಳಲ್ಲಿ. ಮೋಟಾರು, ಎಲೆಕ್ಟ್ರಾನಿಕ್ಸ್‌ಗೆ ಬೇಕಾದ, ಇಂದು ಎಲ್ಲರ ಬಾಯಲ್ಲಿರುವ ರೇರ್ ಅರ್ಥ್ ಧಾತುಗಳ ಬೆಲೆ ಅದರಲ್ಲಿ 740 ಕೋಟಿ, ಶೇಕಡಾ ಒಂದಕ್ಕಿಂತಲೂ ಕಡಿಮೆ. ಪಟ್ಟಿಯ ತಳಭಾಗದಲ್ಲಿ 65 ಕೋಟಿ ಡಾಲರಿನ ಒಂದು ಸಾಲು ಇದೆ: ಲಾಜವರ್ದ, ನಮ್ಮ ಹಳೆಯ ರಸಶಾಸ್ತ್ರದ ಗ್ರಂಥಗಳಲ್ಲಿ ‘ರಾಜಾವರ್ತ’ ಎಂದು ಬರುವ ನೀಲಿ ಕಲ್ಲು. ಒಟ್ಟು ಮೊತ್ತದ ಸಾವಿರದ ಒಂದು ಭಾಗವೂ ಆಗದ ಈ ಕಲ್ಲೇ ಸಾವಿರಾರು ವರ್ಷಗಳಿಂದ ಆ ದೇಶದಿಂದ ಹೊರಗೆ ಹೋಗುತ್ತಿದೆ. ಅರ್ಧಕ್ಕೆ ಹತ್ತಿರದ ಬೆಲೆಯ ಕಬ್ಬಿಣದ ಅದಿರು ಇದ್ದಲ್ಲಿಂದ ಕದಲಿಲ್ಲ.

ಆ ಲೆಕ್ಕ ಹಾಕಿದ ಬಗೆಯೂ ಗಮನಿಸತಕ್ಕದ್ದು. ಬೆಟ್ಟದಲ್ಲಿ ಇರಬಹುದಾದ ಅದಿರನ್ನು ಅಂದಾಜು ಮಾಡಿ, ಅದನ್ನು ಅಂದಿನ ಮಾರುಕಟ್ಟೆ ದರದಿಂದ ಗುಣಿಸಲಾಯಿತು. ತೆಗೆಯುವ ಖರ್ಚು, ಸಾಗಿಸುವ ಖರ್ಚು, ವಿದ್ಯುತ್ತು, ನೀರು, ಸಾಲದ ಬಡ್ಡಿ ಇವು ಯಾವುವನ್ನೂ ಕಳೆಯಲಿಲ್ಲ. ಮಲೆನಾಡಿನ ಕಾಡು ತೋಟಗಳಲ್ಲಿ ಮರದ ಬುಡದಲ್ಲೇ ಬಿದ್ದು ಕೊಳೆಯುವ ಹಲಸಿನ ಹಣ್ಣುಗಳನ್ನೆಲ್ಲ ಎಣಿಸಿ, ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ತೊಳೆ ಮಾರುವ ದರದಲ್ಲಿ ಗುಣಿಸಿ, ಮಲೆನಾಡು ಇಷ್ಟು ಕೋಟಿಯ ಸಿರಿವಂತ ಸೀಮೆ ಎಂದು ಘೋಷಿಸಿದರೆ ಹೇಗೋ ಹಾಗೆ. ಹಣ್ಣು ಇರುವುದು ಸುಳ್ಳಲ್ಲ, ದರವೂ ಸುಳ್ಳಲ್ಲ. ಗುಣಾಕಾರ ಮಾತ್ರ ಅರ್ಥವಿಲ್ಲದ್ದು.

ಇಂಥ ಅಂಕಿಗಳ ಪಾಡು ನಮಗೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಮರ್ಲಗಾಲ ಪ್ರದೇಶದಲ್ಲಿ 14,100 ಟನ್ ಲಿಥಿಯಮ್ ಇದೆ ಎಂದು 2020ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜನ್ನು ಕೇಂದ್ರ ಸರ್ಕಾರ ಹೇಳಿದಾಗ ಅದು 1,600 ಟನ್ನಿಗೆ ಇಳಿದಿತ್ತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ನಿನ ನಿಕ್ಷೇಪವಿದೆ ಎಂದು 2023ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಬಳಿಕ ಕರೆದ ಹರಾಜನ್ನು, ಬೇಕಾದಷ್ಟು ಬಿಡ್ಡುದಾರರು ಬಾರದೆ ರದ್ದು ಮಾಡಬೇಕಾಯಿತು. ಭೂವಿಜ್ಞಾನಿಗಳು ಖನಿಜದ ಅಂದಾಜನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಜಿ4 ಎಂದರೆ ಮೇಲ್ಮೈಯ ಸುಳಿವು. ಜಿ1 ಎಂದರೆ ಹತ್ತಿರ ಹತ್ತಿರ ಕೊರೆದು, ಹೊರತೆಗೆದ ಕಲ್ಲಿನ ಕಂಬಿಗಳನ್ನು ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿ, ಒಂದೊಂದು ಮೀಟರನ್ನೂ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಂಡದ್ದು. ಪತ್ರಿಕೆಯ ತಲೆಬರಹಕ್ಕೆ ಜಿ4 ಸಾಕು. ಬ್ಯಾಂಕು ಸಾಲ ಕೊಡಬೇಕಾದರೆ ಮೇಲಿನ ಹಂತಗಳೇ ಬೇಕು.

ಅಫ್ಘಾನಿಸ್ತಾನದ ಹೆಚ್ಚಿನ ನಿಕ್ಷೇಪಗಳು ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲೇ ನಿಂತಿವೆ, ಮತ್ತು ಅದಕ್ಕೆ ಕಾರಣವಾದ ಇತಿಹಾಸ ಕುತೂಹಲಕರವಾಗಿದೆ. 1960 ಮತ್ತು 70ರ ದಶಕಗಳಲ್ಲಿ ಸೋವಿಯತ್ ಭೂವಿಜ್ಞಾನಿಗಳು ಅಫ್ಘನ್ ಸಹೋದ್ಯೋಗಿಗಳೊಂದಿಗೆ ದೇಶದ ಬಹುಭಾಗವನ್ನು ನಡೆದು ನೋಡಿ ನಕ್ಷೆ ಮಾಡಿದ್ದರು. 1990ರ ದಶಕದ ಅಂತರ್ಯುದ್ಧದಲ್ಲಿ ಕಚೇರಿಗಳು ಲೂಟಿಯಾಗುತ್ತಿದ್ದಾಗ ಕಾಬೂಲಿನ ಭೂವಿಜ್ಞಾನ ಇಲಾಖೆಯ ನೌಕರರು ಆ ನಕ್ಷೆಗಳನ್ನು ತಮ್ಮ ಮನೆಗಳಿಗೆ ಒಯ್ದು ಬಚ್ಚಿಟ್ಟು, 2001ರ ನಂತರ ಮರಳಿ ತಂದಿಟ್ಟರು. ಖನಿಜದ ಬಗ್ಗೆ ಇಂದು ನಡೆಯುವ ಎಲ್ಲ ಮಾತುಕತೆಯ ತಳಹದಿ ಹೀಗೆ ಉಳಿದ ಕಾಗದಗಳೇ. 2006ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ವಿಮಾನದಿಂದ ಭೂಮಿಯ ಕಾಂತೀಯತೆ ಮತ್ತು ಗುರುತ್ವವನ್ನು ದೇಶದ ಸುಮಾರು ಶೇಕಡಾ 70 ಭಾಗದ ಮೇಲೆ ಅಳೆಯಿತು. 2007ರಲ್ಲಿ ಕಲ್ಲಿನಿಂದ ಪ್ರತಿಫಲಿಸುವ ಬೆಳಕಿನ ನೂರಕ್ಕೂ ಹೆಚ್ಚು ಪಟ್ಟಿಗಳನ್ನು ದಾಖಲಿಸಿ ಬಹುತೇಕ ಇಡೀ ದೇಶದ ಖನಿಜ ನಕ್ಷೆಯನ್ನೇ ತಯಾರಿಸಿತು. ಇಷ್ಟು ವಿಸ್ತಾರವಾಗಿ ಆ ವಿಧಾನದಲ್ಲಿ ಮೊದಲು ನಕ್ಷೆಗೊಳಗಾದ ದೇಶ ಅಫ್ಘಾನಿಸ್ತಾನವೇ. ಆಕಾಶದಿಂದ ಇಷ್ಟು ಚೆನ್ನಾಗಿ ಕಂಡ ಈ ದೇಶದ ನೆಲಕ್ಕೆ ಕೊರೆಯುವ ಯಂತ್ರ ತಾಗಿದ್ದು ಬೆರಳೆಣಿಕೆಯ ಜಾಗಗಳಲ್ಲಿ. ಹೆಲ್ಮಂದ್ ಪ್ರಾಂತ್ಯದ ಖನ್ನೆಶಿನ್ ಎಂಬ ಆರಿದ ಜ್ವಾಲಾಮುಖಿಯಲ್ಲಿ ಸುಮಾರು 10 ಲಕ್ಷ ಟನ್ ರೇರ್ ಅರ್ಥ್ ಧಾತುಗಳಿವೆ ಎಂಬ 2011ರ ಅಂದಾಜಿನ ಹಿಂದಿರುವುದು, ಹೆಲಿಕಾಪ್ಟರಿನಿಂದ ಇಳಿದು, ಶಸ್ತ್ರಧಾರಿ ಸೈನಿಕರ ಕಾವಲಿನಲ್ಲಿ ಕೆಲವೇ ಗಂಟೆಗಳಲ್ಲಿ ಕಲ್ಲು ಒಡೆದು ಚೀಲಕ್ಕೆ ತುಂಬಿಕೊಂಡು ಮರಳಿದ ವಿಜ್ಞಾನಿಗಳ ಭೇಟಿಗಳು. ಅವರ ಧೈರ್ಯಕ್ಕೆ ತಲೆಬಾಗಬೇಕು. ಆದರೆ ಆ ಚೀಲದ ಕಲ್ಲುಗಳನ್ನು ನಂಬಿ ಗಣಿ ತೆರೆಯಲಾಗುವುದಿಲ್ಲ.

ಖನಿಜ ಇದೆಯೇ ಎಂಬ ಬಗ್ಗೆ ಮಾತ್ರ ಸಂದೇಹಕ್ಕೆ ಆಸ್ಪದ ಕಡಿಮೆ. ದಕ್ಷಿಣದಿಂದ ಒಂದರ ಹಿಂದೊಂದು ತೇಲಿಬಂದ ಭೂಖಂಡದ ತುಣುಕುಗಳು, ಕೊನೆಗೆ ನಮ್ಮ ಭಾರತದ ಭೂಫಲಕ, ಏಷ್ಯಾಕ್ಕೆ ಡಿಕ್ಕಿ ಹೊಡೆದ ಅಂಚಿನಲ್ಲಿ ಆ ದೇಶ ಕುಳಿತಿದೆ. ಇಂಥ ಡಿಕ್ಕಿಯ ಅಂಚುಗಳಲ್ಲೇ ಕರಗಿದ ಶಿಲೆಯೊಂದಿಗೆ ತಾಮ್ರ, ಚಿನ್ನ, ಲಿಥಿಯಮ್ ಮೇಲೇರಿ ಬರುವುದು. ಟರ್ಕಿ, ಇರಾನ್ ದಾಟಿ ಪಾಕಿಸ್ತಾನದ ಬಲೂಚಿಸ್ತಾನದವರೆಗೆ ಚಾಚಿದ ತಾಮ್ರದ ಪಟ್ಟಿ ಅಫ್ಘಾನಿಸ್ತಾನದ ದಕ್ಷಿಣ ಭಾಗದ ಮೂಲಕವೇ ಹಾಯುತ್ತದೆ. ಇರಾನಿನ ಸರ್‌ಚೆಷ್ಮೆಯಲ್ಲಿ ದೊಡ್ಡ ಗಣಿ ದಶಕಗಳಿಂದ ನಡೆಯುತ್ತಿದೆ, ಬಲೂಚಿಸ್ತಾನದ ಸೈಂದಕ್‌ನಲ್ಲಿಯೂ ನಡೆಯುತ್ತಿದೆ. ಗಡಿಯ ಗೆರೆ ಎಳೆದವರು ಶಿಲೆಯನ್ನು ಕೇಳಿ ಎಳೆದವರಲ್ಲ. ಆದರೂ ಗಣಿ ಎಲ್ಲಿ ಏಳಬೇಕು ಎಂಬುದನ್ನು ಆ ಗೆರೆ ತೀರ್ಮಾನಿಸಿಬಿಟ್ಟಿದೆ.

ಈಗ ಆ ನೀಲಿ ಕಲ್ಲಿನ ಗಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈಶಾನ್ಯದ ಬದಖ್ಶಾನ್ ಪ್ರಾಂತ್ಯದಲ್ಲಿ, ಕೊಕ್ಚಾ ನದಿಯ ಕಡಿದಾದ ಕಣಿವೆಯ ಮೇಲೆ ಸರ್-ಎ-ಸಂಗ್ ಎಂಬ ಜಾಗವಿದೆ. ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಉರ್ ನಗರದ ರಾಜ ಸಮಾಧಿಗಳಿಗೆ ಹೋದ ಲಾಜವರ್ದ ಈ ಕಣಿವೆಯದು. ಅಜಂತಾದ ಗೋಡೆಗಳ ಮೇಲಿನ ನೀಲಿಯೂ ಈ ಕಲ್ಲಿನದು. ಈ ವ್ಯಾಪಾರಕ್ಕಾಗಿಯೇ ಸಿಂಧೂ ನಾಗರಿಕತೆಯ ಜನ ತಮ್ಮ ನಗರಗಳಿಂದ ಅಷ್ಟು ದೂರ, ಆಮು ದರ್ಯಾದ ದಂಡೆಯ ಶೋರ್ತುಗೈಯಲ್ಲಿ, ಒಂದು ನೆಲೆಯನ್ನು ಕಟ್ಟಿಕೊಂಡಿದ್ದರು ಎಂಬುದು ಪುರಾತತ್ವಜ್ಞರ ಅಭಿಪ್ರಾಯ. 1838ರಲ್ಲಿ ಇಲ್ಲಿಗೆ ಬಂದ ಜಾನ್ ವುಡ್ ಎಂಬ ಬ್ರಿಟಿಷ್ ನೌಕಾಧಿಕಾರಿ ಗಣಿಯ ಕೆಲಸವನ್ನು ಬಣ್ಣಿಸಿದ್ದಾನೆ: ಸುರಂಗದಲ್ಲಿ ಕುರುಚಲು ಸೌದೆ ಉರಿಸಿ ಬಂಡೆಯನ್ನು ಕಾಯಿಸುತ್ತಾರೆ, ಕಾದ ಬಂಡೆಗೆ ತಣ್ಣೀರು ಎರಚುತ್ತಾರೆ, ಬಿರುಕು ಬಿಟ್ಟ ಕಲ್ಲನ್ನು ಸುತ್ತಿಗೆಯಿಂದ ಬಡಿದು ನೀಲಿಯನ್ನು ಬಿಡಿಸುತ್ತಾರೆ. ಬಿಳಿ ಅಮೃತಶಿಲೆಯ ನಡುವೆ, ಹೊನ್ನಿನ ಚುಕ್ಕಿಗಳಂತೆ ಮಿನುಗುವ ಕಣಗಳೊಡನೆ ಅದು ಕಾಣಿಸಿಕೊಳ್ಳುತ್ತದೆ. ಅಲ್ಲಿನವರು ಅದನ್ನು ಬಣ್ಣದ ಮೇಲೆ ವಿಂಗಡಿಸುತ್ತಾರೆ. ಕಡುಬಣ್ಣದ್ದು ‘ನೀಲಿ’, ಅದಕ್ಕಿಂತ ತಿಳಿಯಾದದ್ದು ‘ಆಸ್ಮಾನಿ’. ಸೀರೆ ಅಂಗಡಿಯಲ್ಲಿ ಕುಳಿತವರಿಗೆ ಈ ಎರಡೂ ಪದಗಳ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಈಗ ಬೆಂಕಿಯ ಜಾಗಕ್ಕೆ ಸಿಡಿಮದ್ದು ಬಂದಿದೆ. ಆದರೆ ವ್ಯಾಪಾರದ ಸೂತ್ರ ಬದಲಾಗಿಲ್ಲ: ಒಬ್ಬ ಮನುಷ್ಯನ ಬೆನ್ನು ಅಥವಾ ಒಂದು ಕತ್ತೆ ಹೊರಬಲ್ಲಷ್ಟು ಕಲ್ಲಿಗೆ, ಕಣಿವೆ ದಾಟಿಸುವ ಕಷ್ಟಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಪಂಜಶೀರಿನ ಪಚ್ಚೆಯ ಕಥೆಯೂ ಇದೇ.

ಹಜಿಗಕ್‌ನ ಸಂಗತಿ ಇದಕ್ಕೆ ತದ್ವಿರುದ್ಧ. ಕಾಬೂಲಿನ ಪಶ್ಚಿಮಕ್ಕೆ, ಬಾಮಿಯಾನ್ ಪ್ರಾಂತ್ಯದ ಅಂಚಿನಲ್ಲಿ, 3,500 ಮೀಟರಿಗೂ ಎತ್ತರದ ಬೆಟ್ಟಸಾಲಿನಲ್ಲಿ ಈ ಕಬ್ಬಿಣದ ನಿಕ್ಷೇಪ ಇದೆ. ಸೋವಿಯತ್ ಕಾಲದ ಅಂದಾಜಿನಂತೆ 180 ಕೋಟಿ ಟನ್ ಅದಿರು, ಅದರಲ್ಲಿ ಸುಮಾರು ಶೇಕಡಾ 62ರಷ್ಟು ಕಬ್ಬಿಣ. ಅದರಲ್ಲಿ ಕೊರೆದು ಖಚಿತಪಡಿಸಿಕೊಂಡ ಭಾಗ ಸಣ್ಣದಾದರೂ ಗುಣಮಟ್ಟದಲ್ಲಿ ಕೊರತೆಯಿಲ್ಲ. ಬಳ್ಳಾರಿ, ಸಂಡೂರು ಕಡೆಯ ಒಳ್ಳೆಯ ಅದಿರಿನ ಪಕ್ಕದಲ್ಲಿ ಇಡಬಹುದಾದ ಮಾಲು. 2011ರ ನವೆಂಬರಿನಲ್ಲಿ ಇಲ್ಲಿನ ನಾಲ್ಕು ಬ್ಲಾಕುಗಳ ಪೈಕಿ ಮೂರು, ಸರ್ಕಾರಿ ಉಕ್ಕು ಕಂಪನಿ ಸೇಲ್‌ನ ನೇತೃತ್ವದ ಭಾರತೀಯ ಕೂಟಕ್ಕೆ ದಕ್ಕಿದವು. ಆ ಕೂಟದಲ್ಲಿ ಸಂಡೂರಿನ ದೋಣಿಮಲೆಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿ, ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯು ಸಹ ಇದ್ದವು. ಗಣಿಯಷ್ಟೇ ಅಲ್ಲ, 60 ಲಕ್ಷ ಟನ್ನಿನ ಉಕ್ಕಿನ ಕಾರ್ಖಾನೆ, 800 ಮೆಗಾವಾಟ್ ವಿದ್ಯುತ್ ಸ್ಥಾವರ, ಒಟ್ಟು 1,080 ಕೋಟಿ ಡಾಲರ್ ಹೂಡಿಕೆ ಎಂಬುದು ಮೊದಲ ಯೋಜನೆ. ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗಿ, ಅಂತಿಮ ಒಪ್ಪಂದಕ್ಕೆ ಸಹಿ ಬೀಳದೆಯೇ ಮುಗಿಯಿತು.

ಯುದ್ಧದ ಭಯವೇ ಇದಕ್ಕೆ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಯುದ್ಧ ಇಲ್ಲದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಕಬ್ಬಿಣದ ಅದಿರಿನ ದರ ಈಚಿನ ವರ್ಷಗಳಲ್ಲಿ ಟನ್ನಿಗೆ 100 ಡಾಲರಿನ ಆಸುಪಾಸಿನಲ್ಲಿದೆ. 25 ಟನ್ ಹೊರುವ ಒಂದು ಲಾರಿಯಲ್ಲಿ ತುಂಬಿದ ಮಾಲಿನ ಬೆಲೆ ಹೀಗೆ 2,500 ಡಾಲರ್, ಅದೂ ಬಂದರಿನಲ್ಲಿ ಸಿಗುವ ದರ. ವರ್ಷಕ್ಕೆ ಒಂದು ಕೋಟಿ ಟನ್ ಸಾಗಿಸಬೇಕೆಂದರೆ ನಾಲ್ಕು ಲಕ್ಷ ಲಾರಿಗಳು, ದಿನಕ್ಕೆ ಸಾವಿರಕ್ಕೂ ಹೆಚ್ಚು, ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚುವ ಕಣಿವೆ ದಾರಿಯಲ್ಲಿ ಇಳಿಯಬೇಕು. ಇರಾನಿನ ಚಾಬಹಾರ್ ಬಂದರು ಅಲ್ಲಿಂದ ಹಕ್ಕಿ ಹಾರಿದ ದೂರದಲ್ಲೇ 1,200 ಕಿಲೋಮೀಟರಿಗೂ ಹೆಚ್ಚು. ಅದಿರಿನ ಲಾರಿಗಳು ಬೇಲೇಕೇರಿಯ ಕಡೆಗೆ ಹಗಲಿರುಳು ಓಡಿ ರಸ್ತೆಗಳು ಪುಡಿಯಾದದ್ದನ್ನು ಕಂಡ ಕರ್ನಾಟಕದವರಿಗೆ ಈ ಲೆಕ್ಕದ ಅರ್ಥ ಬೇಗ ಹೊಳೆಯುತ್ತದೆ. ಆ ದೂರ ಹಜಿಗಕ್‌ನ ದೂರದ ಮುಂದೆ ಏನೂ ಅಲ್ಲ, ಮತ್ತು ಆ ದಾರಿಯ ಕೊನೆಯಲ್ಲಿ ಸಮುದ್ರವಿತ್ತು.

ಇಲ್ಲಿ ಕುದುರೆಮುಖವನ್ನು ನೆನೆಯದೆ ಇರಲಾಗದು. ಅಲ್ಲಿನ ಅದಿರು ಕಳಪೆ. ಕಬ್ಬಿಣದ ಅಂಶ ಶೇಕಡಾ 40ನ್ನೂ ಮುಟ್ಟದ ಮ್ಯಾಗ್ನಟೈಟ್. ಆದರೂ ಅದು ಗಣಿಯಾಯಿತು, ಏಕೆಂದರೆ ಸಮುದ್ರ 67 ಕಿಲೋಮೀಟರ್ ಕೊಳವೆಯ ದೂರದಲ್ಲಿತ್ತು, ಮತ್ತು ಘಟ್ಟದ ಮಳೆ ಧಾರಾಳವಾಗಿತ್ತು. ಅದಿರನ್ನು ನುಣ್ಣಗೆ ಅರೆದು, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಆ ಕಪ್ಪು ರಾಡಿಯನ್ನು ಕೊಳವೆಯಲ್ಲಿ ಪಣಂಬೂರಿಗೆ ಇಳಿಬಿಟ್ಟರೆ ಗುರುತ್ವವೇ ಅರ್ಧ ಕೆಲಸ ಮಾಡುತ್ತಿತ್ತು. ಹಜಿಗಕ್‌ನಲ್ಲಿ ಅದಿರು ಒಂದೂವರೆ ಪಟ್ಟು ಉತ್ತಮ, ಆದರೆ ಆ ಒಣ ಬೆಟ್ಟಗಳಲ್ಲಿ ಕೊಳವೆಗೆ ತುಂಬುವಷ್ಟು ನೀರೂ ಇಲ್ಲ, ಕೊಳವೆಯ ಇನ್ನೊಂದು ತುದಿಗೆ ಕಡಲೂ ಇಲ್ಲ.

ಕುದುರೆಮುಖದ ಇನ್ನೊಂದು ಪಾಠವನ್ನು ನಾವು ಮರೆತಂತಿದೆ. ಆ ಗಣಿಯನ್ನು ತೆರೆದದ್ದು ಇರಾನಿನ ಶಾ ಆಡಳಿತ ಕೊಡಲೊಪ್ಪಿದ 63 ಕೋಟಿ ಡಾಲರ್ ಸಾಲದ ಭರವಸೆಯ ಮೇಲೆ, ಅದಿರನ್ನು ಇರಾನ್ ಕೊಳ್ಳುತ್ತದೆ ಎಂಬ 1975ರ ಒಪ್ಪಂದದ ಮೇಲೆ. ಗಣಿಯ ಕೆಲಸ ನಡೆದಿತ್ತು, ಅಷ್ಟರಲ್ಲಿ 1979ರ ಕ್ರಾಂತಿಯಲ್ಲಿ ಶಾ ದೇಶ ಬಿಟ್ಟರು. ಸಾಲವೂ ನಿಂತಿತು, ಗಿರಾಕಿಯೂ ಇಲ್ಲವಾದ. ಹೊಸ ಕೊಳ್ಳುಗರನ್ನು ಹುಡುಕಿಕೊಂಡು, ಆಮೇಲೆ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಕಟ್ಟಿಕೊಂಡು ಕಂಪನಿ ಹೇಗೋ ಚೇತರಿಸಿಕೊಂಡಿತು. ಕೊನೆಗೆ ಕಾಡಿನ ಪ್ರಶ್ನೆ ಎದ್ದು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು ಎಂಬುದು ಬೇರೆ ಕಥೆ. ದೊಡ್ಡ ಗಣಿಯ ಒಪ್ಪಂದಕ್ಕೆ ಸಹಿ ಹಾಕುವ ಕೈ ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಇರುತ್ತದೆಯೇ ಎಂಬ ಪ್ರಶ್ನೆ ನಮಗೆ ಪುಸ್ತಕದ್ದಲ್ಲ, ನಮ್ಮ ಘಟ್ಟದಲ್ಲೇ ಒಮ್ಮೆ ಅನುಭವಕ್ಕೆ ಬಂದದ್ದು.

ಆ ಪ್ರಶ್ನೆಯನ್ನು ಚೀನಾದ ಕಂಪನಿಗಳೂ ಈಗ ಎದುರಿಸುತ್ತಿವೆ. ಕಾಬೂಲಿನ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಮೆಸ್ ಐನಕ್‌ನಲ್ಲಿ, ಸೋವಿಯತ್ ಅಂದಾಜಿನಂತೆ ಶೇಕಡಾ 2.3 ತಾಮ್ರವಿರುವ 24 ಕೋಟಿ ಟನ್ ಅದಿರಿದೆ. ಜಗತ್ತಿನ ಎಷ್ಟೋ ಗಣಿಗಳು ಶೇಕಡಾ ಒಂದಕ್ಕಿಂತ ಕಡಿಮೆ ತಾಮ್ರವಿರುವ ಕಲ್ಲನ್ನು ಒಡೆಯುತ್ತಿರುವಾಗ ಇದು ಬಹಳ ಶ್ರೀಮಂತ ನಿಕ್ಷೇಪ. ಚೀನಾದ ಎಂಸಿಸಿ ಮತ್ತು ಜಿಯಾಂಗ್ಸಿ ಕಾಪರ್ ಕಂಪನಿಗಳು 2007ರಲ್ಲಿ ಟೆಂಡರ್ ಗೆದ್ದು 2008ರಲ್ಲಿ 30 ವರ್ಷದ ಗುತ್ತಿಗೆಗೆ ಸಹಿ ಹಾಕಿದವು. ಸಹಿಯ ಕಾಣಿಕೆಯಾಗಿಯೇ 80.8 ಕೋಟಿ ಡಾಲರ್ ಕೊಡಲು, 400 ಮೆಗಾವಾಟಿನ ವಿದ್ಯುತ್ ಸ್ಥಾವರ ಕಟ್ಟಲು, ರೈಲು ಹಾಕಲು ಒಪ್ಪಿದವು. ಆ ಗುತ್ತಿಗೆಯ ಅರ್ಧಕ್ಕೂ ಹೆಚ್ಚು ಅವಧಿ ಕಳೆದುಹೋಗಿದೆ. ಗಣಿಯ ಜಾಗಕ್ಕೆ ಹೋಗುವ ರಸ್ತೆಯ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2024ರ ಜುಲೈಯಲ್ಲಿ, ಅದೂ ತಾಲಿಬಾನ್ ಆಡಳಿತದ ಅಧಿಕಾರಿಗಳ ಸಮ್ಮುಖದಲ್ಲಿ. ಇದೇ ಎಂಸಿಸಿ ಗಡಿಯಾಚೆಯ ಸೈಂದಕ್ ಗಣಿಯನ್ನು 2002ರಿಂದ ನಡೆಸುತ್ತಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಲೂಚಿಸ್ತಾನವೇನೂ ಶಾಂತ ಸೀಮೆಯಲ್ಲ, ಬಂಡುಕೋರರ ದಾಳಿಗಳು ಅಲ್ಲಿಯೂ ಇವೆ. ಆದರೆ ಅಲ್ಲಿ ಬಂದರಿಗೆ ಹೋಗುವ ದಾರಿ ಒಂದೇ ದೇಶದ ಒಳಗೆ ಇದೆ.

ಮೆಸ್ ಐನಕ್ ತಡವಾದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ದೇಶಕ್ಕೆ ಶಾಪವೋ ವರವೋ ಹೇಳುವುದು ಕಷ್ಟ. ತಾಮ್ರದ ಮೇಲೆಯೇ ಒಂದು ಬೌದ್ಧ ನಗರದ ಅವಶೇಷವಿದೆ. ಸುಮಾರು ಕ್ರಿ.ಶ. ಎರಡನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ ಬಾಳಿದ ವಿಹಾರಗಳು, ಸ್ತೂಪಗಳು, ಬಣ್ಣದ ಮಣ್ಣಿನ ಬುದ್ಧರು. ಅವುಗಳ ನಡುವೆ, ಅದೇ ಬೆಟ್ಟದಿಂದ ತಾಮ್ರ ಕರಗಿಸಿದ ಕಿಟ್ಟದ ರಾಶಿಗಳು. ಆ ವಿಹಾರಗಳ ಸಂಪತ್ತಿನ ಮೂಲವೇ ಕೆಳಗಿನ ತಾಮ್ರ. ತೆರೆದ ಗಣಿ ಮಾಡಿದರೆ ಇದೆಲ್ಲ ಪುಡಿಯಾಗುತ್ತದೆಂದು 2009ರಿಂದ ಫ್ರೆಂಚ್ ಮತ್ತು ಅಫ್ಘನ್ ಪುರಾತತ್ವಜ್ಞರು ತುರ್ತಿನಿಂದ ಅಗೆದು ಮೂರ್ತಿಗಳನ್ನು ಕಾಬೂಲಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. 2001ರಲ್ಲಿ ಬಾಮಿಯಾನ್ ಬುದ್ಧರನ್ನು ಸಿಡಿಸಿದವರೇ ಈಗ ಅವಶೇಷ ಉಳಿಸುವ ಮಾತಾಡುತ್ತಿದ್ದಾರೆ. ಗಣಿಯ ಹಣ ಎಂಥೆಂಥ ಮಾತುಗಳನ್ನು ಆಡಿಸುತ್ತದೆ ನೋಡಿ.

ಲಿಥಿಯಮ್ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕಾಗಿಲ್ಲ. ನೂರಿಸ್ತಾನ್, ಕುನಾರ್ ಪ್ರಾಂತ್ಯಗಳ ಪೆಗ್ಮಟೈಟ್ ಶಿಲೆಗಳಲ್ಲಿ ಅದು ಇದೆ. ಘಜ್ನಿ ಕಡೆಯ ಉಪ್ಪುನೀರಿನ ಕೆರೆಗಳಲ್ಲೂ ಇರಬಹುದು. 2023ರ ಜನವರಿಯಲ್ಲಿ ಲಿಥಿಯಮ್ ಇರುವ ಸುಮಾರು ಸಾವಿರ ಟನ್ ಕಲ್ಲನ್ನು ಕದ್ದು ಸಾಗಿಸಲು ಯತ್ನಿಸಿದ ಆರೋಪದ ಮೇಲೆ ಜಲಾಲಾಬಾದಿನಲ್ಲಿ ಚೀನೀಯರೂ ಸೇರಿ ಕೆಲವರನ್ನು ಬಂಧಿಸಿದ್ದರು. ಆಗ ಲಿಥಿಯಮ್ ದರ ಆಕಾಶದಲ್ಲಿತ್ತು, ಕಲ್ಲನ್ನು ಹೊತ್ತು ಓಡಿದರೂ ಗಿಟ್ಟುತ್ತಿತ್ತು. ಮುಂದಿನ ಎರಡು ವರ್ಷಗಳೊಳಗೆ ದರ ಶೇಕಡಾ 80ಕ್ಕಿಂತಲೂ ಹೆಚ್ಚು ಕುಸಿಯಿತು. ಆಸ್ಟ್ರೇಲಿಯಾದಲ್ಲಿ ರಸ್ತೆ, ಬಂದರು, ಕಾನೂನು ಎಲ್ಲ ಇದ್ದ ಗಣಿಗಳೇ ಬಾಗಿಲು ಹಾಕಿಕೊಂಡ ಮೇಲೆ ನೂರಿಸ್ತಾನದ ಕಣಿವೆಗೆ ಹೋಗುವವರು ಯಾರು?

ರೈಲಿಗೆ ಮರಳೋಣ, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಅಫ್ಘಾನಿಸ್ತಾನದ ಒಳಗೆ ಹೇಳಿಕೊಳ್ಳುವಂಥ ರೈಲು ಜಾಲವೇ ಇಲ್ಲ. ಉಜ್ಬೇಕಿಸ್ತಾನದ ಗಡಿಯ ಹೈರತಾನ್‌ನಿಂದ ಮಜಾರ್-ಎ-ಶರೀಫ್‌ವರೆಗೆ 75 ಕಿಲೋಮೀಟರ್, ಇರಾನಿನ ಖಾಫ್ ಕಡೆಯಿಂದ ಹೆರಾತ್‌ನತ್ತ 2020ರಲ್ಲಿ ತೆರೆದ ಇನ್ನೊಂದು ತುಂಡು, ಉತ್ತರದ ಗಡಿಯಲ್ಲಿ ಕೆಲವು ಚಿಕ್ಕ ಚಾಚುಗಳು, ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಈಗ ಪಾಕಿಸ್ತಾನದಲ್ಲಿರುವ ಗಡಿ ಪಟ್ಟಣ ಚಮನ್‌ವರೆಗೆ ರೈಲು ತಂದಾಗ, ತನ್ನ ಹೊಟ್ಟೆಗೆ ಚೂರಿ ಇಳಿಸಿದಂತಾಯಿತು ಎಂದು ಅಂದಿನ ಅಫ್ಘನ್ ದೊರೆ ಅಮೀರ್ ಅಬ್ದುರ್ ರಹಮಾನ್ ಸಂಕಟಪಟ್ಟಿದ್ದನಂತೆ. ರೈಲು ಬಂದರೆ ಸೈನ್ಯ ಬರುತ್ತದೆ ಎಂಬ ಆ ಭಯ ಅಂದಿಗೆ ತಪ್ಪೇನಲ್ಲ; ಅದರ ಬೆಲೆಯನ್ನು ಇಂದಿನ ಅದಿರು ತೆರುತ್ತಿದೆ. ಅದಕ್ಕಿಂತ ಕಠಿಣವಾದದ್ದು ಗೇಜಿನ ತೊಡಕು. ಉತ್ತರದ ನೆರೆಯವರ ಹಳಿ 1,520 ಮಿಲಿಮೀಟರ್ ಅಗಲ, ಇರಾನಿನದು 1,435, ಪಾಕಿಸ್ತಾನದ್ದು ನಮ್ಮಂತೆಯೇ 1,676. ಹಜಿಗಕ್‌ಗೆ ಯಾವ ಅಗಲದ ಹಳಿ ಹಾಕಿದರೂ ಅದು ಒಂದೇ ನೆರೆಯವನ ಕಡೆ ಬಾಗಿಲು ತೆರೆದು ಉಳಿದಿಬ್ಬರಿಗೆ ಮುಚ್ಚುವ ತೀರ್ಮಾನ. ಮೀಟರ್ ಗೇಜಿನ ಕಾಲದಲ್ಲಿ ಸರಕನ್ನು ಜಂಕ್ಷನ್ನುಗಳಲ್ಲಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದುದನ್ನು ನೋಡಿದ ನಮ್ಮ ಹಿರಿಯರಿಗೆ ಆ ಖರ್ಚು ಗೊತ್ತು. ಸಕ್ಕರೆ ಮೂಟೆಗೆ ಆ ಖರ್ಚು ಹೊರಿಸಬಹುದು, ಅದಿರಿಗೆ ಹೊರಿಸಲಾಗದು.

ನೆರೆಯವನ ಬಾಗಿಲು ಎಷ್ಟು ನಂಬಿಕಸ್ಥ ಎಂಬುದಕ್ಕೆ ಕಲ್ಲಿದ್ದಲಿನ ಉದಾಹರಣೆ ಇದೆ. 2022ರಲ್ಲಿ ಜಾಗತಿಕ ದರ ಏರಿದಾಗ ಪಾಕಿಸ್ತಾನ ಅಫ್ಘನ್ ಕಲ್ಲಿದ್ದಲಿನತ್ತ ತಿರುಗಿತು. ಅಗ್ಗದ ಕಲ್ಲಿದ್ದಲು ಸಿಗುತ್ತದೆ ಎಂದು ಅಲ್ಲಿನ ಪ್ರಧಾನಿ ಹೇಳಿದ್ದೇ ತಡ, ತಾಲಿಬಾನ್ ಆಡಳಿತ ಟನ್ನಿನ ದರವನ್ನು 90 ಡಾಲರಿನಿಂದ 200ಕ್ಕೆ ಏರಿಸಿತು. ವ್ಯಾಪಾರದ ಜಾಣತನವೇ ಸರಿ. ಆದರೆ 2025ರ ಅಕ್ಟೋಬರಿನಲ್ಲಿ, ಮುತ್ತಕಿ ಇನ್ನೂ ಭಾರತದಲ್ಲಿರುವಾಗಲೇ, ಎರಡೂ ದೇಶಗಳ ಸೇನೆಗಳು ಗಡಿಯಲ್ಲಿ ಹೊಡೆದಾಡಿ ತೋರ್ಖಮ್, ಚಮನ್ ದ್ವಾರಗಳು ಮುಚ್ಚಿದವು. ದಾಳಿಂಬೆ, ದ್ರಾಕ್ಷಿ, ಕಲ್ಲಿದ್ದಲು ತುಂಬಿದ ಲಾರಿಗಳು ಸಾಲುಗಟ್ಟಿ ನಿಂತವು. ಹಣ್ಣು ಒಂದು ವಾರದಲ್ಲಿ ಕೊಳೆತು ಅಲ್ಲಿಗೆ ನಷ್ಟ ಮುಗಿಯುತ್ತದೆ. ಸಾಲ ಮಾಡಿ ಕಟ್ಟಿದ ಗಣಿಗೆ ಆರು ತಿಂಗಳ ಗಡಿ ಬಂದ್ ಎಂದರೆ ದಿವಾಳಿ.

ತಾಲಿಬಾನ್ ಆಡಳಿತ ಈ ನಡುವೆ ಕೈಕಟ್ಟಿ ಕುಳಿತಿಲ್ಲ. 2023ರ ಆಗಸ್ಟಿನಲ್ಲಿ 650 ಕೋಟಿ ಡಾಲರ್ ಮೊತ್ತದ್ದೆಂದು ಹೇಳಿ ಏಳು ಗಣಿ ಒಪ್ಪಂದಗಳಿಗೆ ಸಹಿ ಮಾಡಿಸಿತು. ಅದೇ ವರ್ಷದ ಜನವರಿಯಲ್ಲಿ ಆಮು ದರ್ಯಾ ಕಣಿವೆಯ ತೈಲವನ್ನು 25 ವರ್ಷಕ್ಕೆ ಚೀನಾದ ಕಂಪನಿಯೊಂದಕ್ಕೆ ಕೊಟ್ಟಿತ್ತು. 2025ರ ಜೂನ್‌ನಲ್ಲಿ, ಮಾತಿನಂತೆ ಹಣ ಹೂಡಿಲ್ಲವೆಂದು, ಅದನ್ನು ರದ್ದು ಮಾಡಿತು. ಬೀದಿ ಬೀದಿಗಳಲ್ಲಿದ್ದ ಹೋರಾಟ ನಿಂತಿದೆ, ಗಣಿ ದಾರಿಗಳಲ್ಲಿ ಮೊದಲಿನಷ್ಟು ಗುಂಪುಗಳು ಸುಂಕ ಕೀಳುವುದಿಲ್ಲ, ಇದು ಒಪ್ಪಬೇಕಾದ ಬದಲಾವಣೆ. ಆದರೆ ಈ ಆಡಳಿತಕ್ಕೆ ವಿಧಿವತ್ತಾಗಿ ಮನ್ನಣೆ ಕೊಟ್ಟ ಮೊದಲ ದೇಶ ರಷ್ಯಾ, ಅದೂ 2025ರ ಜುಲೈಯಲ್ಲಿ. ಮನ್ನಣೆಯಿಲ್ಲದಲ್ಲಿ ವಿಮೆ ಸಿಗುವುದು ಕಷ್ಟ, ಅಂತರರಾಷ್ಟ್ರೀಯ ಬ್ಯಾಂಕುಗಳ ಸಾಲ ಸಿಗುವುದು ಕಷ್ಟ, ವಿವಾದ ಎದ್ದರೆ ಪಂಚಾಯಿತಿಗೆ ಹೋಗಲು ಭರವಸೆಯ ಕಟ್ಟೆಯೂ ಇಲ್ಲ. ದೇಶದ ಹೆಚ್ಚಿನ ವಿದ್ಯುತ್ತು ನೆರೆಯ ದೇಶಗಳಿಂದ ತಂತಿಯಲ್ಲಿ ಬರುತ್ತದೆ. ಮೆಸ್ ಐನಕ್ ಇರುವ ಲೋಗರ್ ಪ್ರಾಂತ್ಯದ ನೀರೇ ಈಗಾಗಲೇ ಬಾಯಾರಿರುವ ಕಾಬೂಲಿಗೂ ಬೇಕು.

ಹೀಗಿರುವಾಗ ಇಂದು ಆ ದೇಶದಿಂದ ಹೊರಬರುತ್ತಿರುವುದೇನೆಂದು ನೋಡಿದರೆ ಒಂದು ನಮೂನೆ ಕಾಣುತ್ತದೆ: ರತ್ನದ ಕಲ್ಲು, ಟಾಲ್ಕ್, ಕ್ರೋಮೈಟ್, ಕಲ್ಲಿದ್ದಲು, ನದಿ ಪಾತ್ರದ ಚಿನ್ನ. ಇವೆಲ್ಲ ಸಣ್ಣ ಬಂಡವಾಳದಲ್ಲಿ ಶುರು ಮಾಡಿ, ಪರಿಸ್ಥಿತಿ ಕೆಟ್ಟರೆ ಬಿಟ್ಟು ಓಡಬಹುದಾದ ಕಸುಬುಗಳು. ಸರ್ಕಾರದ ಖಜಾನೆಗೆ ಇವುಗಳಿಂದ ಚಿಲ್ಲರೆ ಬರುತ್ತದೆ, ಕೂಲಿಯವನಿಗೆ ದಿನದ ರೊಟ್ಟಿ ಬರುತ್ತದೆ, ಕೆಲವೊಮ್ಮೆ ಆಧಾರಕ್ಕೆ ಮರದ ಕಂಬವೂ ಇಲ್ಲದ ಸುರಂಗ ಕುಸಿದು ಅವನ ಜೀವವೂ ಹೋಗುತ್ತದೆ. ಪಟ್ಟಿಯ ಮುಕ್ಕಾಲು ಪಾಲಾದ ಕಬ್ಬಿಣ, ತಾಮ್ರಗಳಿಗೆ ಬೇಕಾದ ತಾಳ್ಮೆಯ ಬಂಡವಾಳ ಈ ಜಾತಿಯದಲ್ಲ.

ಭಾರತದ ಕಂಪನಿಗಳಿಗೆ ಬಂದಿರುವ ಕರೆಯನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮವರು ಮತ್ತೆ ಹಜಿಗಕ್‌ನಿಂದ ಆರಂಭಿಸುವುದು ಅವಿವೇಕ. ಕಬ್ಬಿಣ ನಮಗೆ ಮನೆಯಲ್ಲೇ ಇದೆ. ಭೂವಿಜ್ಞಾನಿಗಳ ತರಬೇತಿ, ಹಳೆಯ ನಕ್ಷೆಗಳ ಮರುಪರಿಶೀಲನೆ, ಆಯ್ದ ಕೆಲವೇ ಜಾಗಗಳಲ್ಲಿ ಕೊರೆದು ನೋಡುವ ಕೆಲಸ ಇವುಗಳಿಗೆ ಖರ್ಚು ಕಡಿಮೆ, ಉಪಯೋಗ ಹೆಚ್ಚು, ಮತ್ತು ಸರ್ಕಾರ ಬದಲಾದರೂ ಆ ತಿಳಿವಳಿಕೆ ವ್ಯರ್ಥವಾಗುವುದಿಲ್ಲ. ಬಚ್ಚಿಟ್ಟ ನಕ್ಷೆಗಳು ಉಳಿದು ಬಂದದ್ದೇ ಅದಕ್ಕೆ ಸಾಕ್ಷಿ. ದಾರಿಯ ವಿಷಯದಲ್ಲಿ ಭಾರತ ಒಂದು ಕೆಲಸವನ್ನು ಆಗಲೇ ಮಾಡಿದೆ: ಇರಾನ್ ಗಡಿಯ ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿಲೋಮೀಟರ್ ರಸ್ತೆಯನ್ನು ನಮ್ಮ ಗಡಿ ರಸ್ತೆ ಸಂಸ್ಥೆ, ಕೆಲಸಗಾರರ ಜೀವ ತೆತ್ತು, 2009ರ ಹೊತ್ತಿಗೆ ಮುಗಿಸಿಕೊಟ್ಟಿತು. ಆ ರಸ್ತೆಯ ಮುಂದಿನ ಕೊಂಡಿಯಾದ ಚಾಬಹಾರ್‌ನ ಒಂದು ಟರ್ಮಿನಲ್ಲನ್ನು ಹತ್ತು ವರ್ಷ ನಡೆಸಲು 2024ರ ಮೇಯಲ್ಲಿ ಒಪ್ಪಂದವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಆ ಬಂದರಿಗಿದ್ದ ನಿರ್ಬಂಧದ ವಿನಾಯಿತಿಯನ್ನು ಕಿತ್ತುಕೊಂಡು, ಆಮೇಲೆ ಆರು ತಿಂಗಳ ಮಟ್ಟಿಗೆ ಹಿಂದಿರುಗಿಸಿತು. ಹಜಿಗಕ್‌ನಲ್ಲಿ ಗಣಿ ತೆರೆಯಲು ಬೇಕಾದ ಒಪ್ಪಂದ ಮೂವತ್ತು ವರ್ಷದ್ದು. ಅದರ ಅದಿರು ಹಡಗು ಹತ್ತಬೇಕಾದ ಬಂದರಿಗೆ ಸಿಕ್ಕ ವಾಯಿದೆ ಆರು ತಿಂಗಳದ್ದು.